ಹದಿನೇಳನೆಯ ಹುಳ

“ಇನ್ನೊಂದ್ಸಲ,” ಎಂದೆ.

ಸ್ಟಿಯರಿಂಗ್ ಹಿಡಿದಿದ್ದ ಕಾಜಿತಾನಿ ವೇಗದ ಪೆಡಲು ಒತ್ತಿದ. ಹಿಂದಿನ ಸೀಟಿನ ಉದ್ದಕ್ಕೂ ಮಗ್ಗುಲಾಗಿ ಮಲಗಿ ಕಣ್ಣು ಮುಚ್ಚಿದ್ದೆ. ಕಾರು ನನ್ನನ್ನು ಮೆತ್ತಗೆ ಸೀಟಿನ ಬೆನ್ನಿಗೆ ಒತ್ತಿ ಹಿಡಿಯಿತು. ಅರವತ್ತು, ಎಪ್ಪತ್ತು ಎಂದು ಅವನು ವೇಗ ಹೇಳುತ್ತಾ ಹೋದ. ಎಡತಿರುವು ಶುರುವಾದದ್ದು ನನ್ನ ಹೊಟ್ಟೆಗೆ ಗೊತ್ತಾಯಿತು. ಎಂಬತ್ತು. ಎಂಬತ್ತೆರಡು. ಬಂತು.

ಗಾಜಿನ ತಟ್ಟೆಯ ಮೇಲೆ ಒಂದೇ ಒಂದು ಅಕ್ಕಿಕಾಳು ನಡುಗಿದರೆ ಹೇಗೋ ಹಾಗೆ. ಅಷ್ಟು ಸಣ್ಣ ಸದ್ದು. ಎಂಬತ್ತೆಂಟು ದಾಟಿದ ಮೇಲೆ ಇಲ್ಲವಾಯಿತು. ಇಲ್ಲವಾದದ್ದು ಯಾವ ಗಳಿಗೆಯಲ್ಲಿ ಎಂದು ಮಾತ್ರ ಹೇಳಲಾಗುತ್ತಿರಲಿಲ್ಲ. ನಿದ್ದೆ ಬಂದ ಗಳಿಗೆಯನ್ನು ಯಾರೂ ಹೇಳಲಾರದ ಹಾಗೆ.

“ಏನಾದ್ರೂ?” ಎಂದ ಕಾಜಿತಾನಿ.

“ಏನಿಲ್ಲ.”

“ನಂಗೊಂದು ಕೇಳಿಸ್ತು. ಬರ್ಕೊಳ್ಳಿ ಗುರುಗಳೇ. ಹದಿನೇಳನೇ ಹುಳ. ಜಾಗ, ಡ್ರೈವರ್ ಹೊಟ್ಟೆ. ಕಾರಣ, ಬೆಳಿಗ್ಗೆ ಆರಕ್ಕೆ ಕರೆಸಿದ್ದು.”

ನಕ್ಕೆ. ಬರೆದುಕೊಳ್ಳಲಿಲ್ಲ. ಜುಲೈಯಿಂದ ನಾನು ಮಾಡುತ್ತಿದ್ದುದೇ ಇದು. ಕೇಳುವುದು, ನಗುವುದು, ಬರೆದುಕೊಳ್ಳದೆ ಇರುವುದು.

ಕಾರು ತಯಾರಿಸುವ ಕಂಪನಿಯ ನಮ್ಮ ವಿಭಾಗದಲ್ಲಿ ಕಾರಿನೊಳಗಿನ ಬೇಡದ ಸದ್ದಿಗೆ ಹುಳ ಅನ್ನುತ್ತೇವೆ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಾಗಿದರೆ ಗಂಟೆಹುಳ. ಸೀಟುಬೆಲ್ಟಿನ ಕೊಂಡಿ ಅಲುಗಾಡಿದರೆ ಕಡಿವಾಣದ ಹುಳ. ಎಲ್ಲೋ ಸಡಿಲಾದ ವೈರು ಬಿಟ್ಟು ಬಿಟ್ಟು ತಗಡಿಗೆ ಬಡಿದರೆ ಜಾಗಟೆ ಹುಳ. ಶರತ್ಕಾಲದ ಸಂಜೆ ನಮ್ಮವರು ಅಂಗಳದಲ್ಲಿ ಕೂತು ಯಾವ ಹುಳ ಯಾವುದೆಂದು ಗುರುತು ಹಿಡಿಯುತ್ತಾರಲ್ಲ, ಆ ಹೆಸರುಗಳೇ ಇವು. ಕಾರಿಗೆ ಹತ್ತುವ ಮೊದಲು ಗಡಿಯಾರ, ಬೀಗದಕೈ, ಉಂಗುರ ಎಲ್ಲವನ್ನೂ ಬಾಗಿಲ ಬಳಿಯ ತಟ್ಟೆಗೆ ಹಾಕಿ, ಗುಂಡಿಯಿಲ್ಲದ ಹತ್ತಿಯ ನಿಲುವಂಗಿ ತೊಡುತ್ತೇವೆ. ನಮ್ಮ ಮೈಯಿಂದ ಯಾವ ಹುಳವೂ ಒಳಗೆ ಹೋಗಬಾರದು.

ಈ ಕಾರಿನಲ್ಲಿ ಹದಿನಾರು ಹುಳ ಹಿಡಿದಿದ್ದೆ. ಒಂದೊಂದರ ಜಾಗ, ಕಾರಣ, ಹಿಡಿದ ತಾರೀಕು ಪಟ್ಟಿಯಲ್ಲಿತ್ತು. ಎರಡೇ ಬಾಗಿಲಿನ, ನೆಲಕ್ಕೆ ಹತ್ತಿರ ಕೂತ, ವಸಂತದಲ್ಲಿ ಪೇಟೆಗೆ ಹೋಗಲಿದ್ದ ವಿದ್ಯುತ್ ಕಾರು. ಎಂಜಿನ್ನಿನ ಕಾರುಗಳಲ್ಲಿ ಮೂವತ್ತು ವರ್ಷ ಕಿವಿ ಇಟ್ಟವಳು ನಾನು. ಎಂಜಿನ್ ಅಂದರೆ ಮದುವೆಮನೆಯಲ್ಲಿ ದೊಡ್ಡ ಗಂಟಲಿನ ನೆಂಟ ಇದ್ದಂತೆ. ಅವನಿದ್ದರೆ ಪಕ್ಕದಲ್ಲಿ ಕೂತವರು ಬಿಕ್ಕಿದ್ದೂ ಕೇಳುವುದಿಲ್ಲ. ಈ ಕಾರಿನಲ್ಲಿ ಅವನಿರಲಿಲ್ಲ. ಹಾಗಾಗಿ ಎಲ್ಲವೂ ಕೇಳಿಸುತ್ತಿತ್ತು. ಕಾಜಿತಾನಿ ಉಗುಳು ನುಂಗಿದ್ದು, ನನ್ನ ಕುತ್ತಿಗೆಯ ಮೂಳೆ ತಿರುಗಿದ್ದು. ಜೊತೆಗೆ ಈ ಹದಿನೇಳನೆಯದು.

ಅದು ನನಗೆ ಮಾತ್ರ ಕೇಳಿಸುತ್ತಿತ್ತು. ಹತ್ತು ವರ್ಷ ರೇಸಿನಲ್ಲಿ ಓಡಿಸಿ ಬಂದ ಕಾಜಿತಾನಿಯ ಕಿವಿ ಅರ್ಧ ಅಲ್ಲೇ ಉಳಿದಿತ್ತು, ಸರಿ. ಆದರೆ ಕಾರಿನೊಳಗೆ ಕಟ್ಟಿದ ಹನ್ನೆರಡು ಮೈಕುಗಳಿಗೂ ಅದು ಸಿಗಲಿಲ್ಲ. ಪರದೆಯ ಮೇಲಿನ ಗೆರೆಗಳಲ್ಲಿ ಟೈರಿನ ಸದ್ದು ಹುಲ್ಲಿನ ಹಾಗೆ ಬೆಳೆದಿರುತ್ತದೆ. ಅದರೊಳಗೆ ಇಂಥದ್ದು ಅವಿತರೆ ಯಾರೂ ನೋಡಲಾರರು.

ಆಗಸ್ಟಿನಲ್ಲಿ ಒಂದು ಸಲ ಊರಿನ ಸಾರ್ವಜನಿಕ ಬಿಸಿನೀರಿನ ಸ್ನಾನದ ಮನೆಯಲ್ಲಿ, ಮಧ್ಯಾಹ್ನ, ಯಾರೂ ಇಲ್ಲದ ಬಟ್ಟೆಕೋಣೆಯಲ್ಲಿ ಟವೆಲ್ ಹಿಡಿದು ನಿಂತಿದ್ದೆ. ಅಲ್ಲಿ ಏನೂ ಅಲುಗುತ್ತಿರಲಿಲ್ಲ. ಅಲ್ಲೂ ಅಕ್ಕಿಕಾಳು ನಡುಗಿತು.

ಅವತ್ತಿನಿಂದ ನನ್ನ ಜೇಬಿನಲ್ಲಿ ಹಳದಿ ಸ್ಪಂಜಿನ ಒಂದು ಜೊತೆ ಕಿವಿಬಿರಡೆ ಇತ್ತು. ಕೊರೆಯುವ ವಿಭಾಗದವರು ಹಾಕಿಕೊಳ್ಳುವಂಥದು. ಸ್ಪಂಜು ಸದ್ದು ಮಾಡುವುದಿಲ್ಲ, ತಟ್ಟೆಗೆ ಹಾಕಬೇಕಾಗಿರಲಿಲ್ಲ. ಪರೀಕ್ಷೆ ಬಹಳ ಸುಲಭ. ಬಿರಡೆ ಹಾಕಿದ ಮೇಲೆ ಹೋಗುವ ಸದ್ದು ಲೋಕದ್ದು, ಉಳಿಯುವ ಸದ್ದು ನನ್ನದು. ಎರಡು ತಿಂಗಳು ಆ ಸ್ಪಂಜನ್ನು ಬೆರಳಲ್ಲಿ ಹಿಸುಕುತ್ತಾ ಓಡಾಡಿದೆ, ಕಿವಿಗೆ ಹಾಕಲಿಲ್ಲ.

ಕಾರಣ ಇಬುಕಿ.

ಕೆಲಸ ಕಲಿಸಿದವರು ಅವರು. ಹದಿನೈದು ವರ್ಷದ ಹಿಂದೆ ಒಂದು ದೊಡ್ಡ ಕಾರಿನಲ್ಲಿ ಅವರಿಗೊಂದು ಹುಳ ಕೇಳಿಸಿತು. ಬೇರೆ ಯಾರಿಗೂ ಕೇಳಿಸಲಿಲ್ಲ. ಇಬುಕಿ ಇದೆ ಅಂದಮೇಲೆ ಇದೆ, ಅಂಥ ಕಿವಿ. ನಲವತ್ತು ದಿನ ಕಾರು ಬಿಚ್ಚಿದೆವು. ಸೀಟು, ನೆಲಹಾಸು, ಡ್ಯಾಶ್‌ಬೋರ್ಡು, ಚಾವಣಿಯ ಬಟ್ಟೆ. ಕೊನೆಗೆ ಬರೀ ತಗಡು ಉಳಿಯಿತು. ಗಾಳಿಯಾಡದ ಶೆಡ್ಡಿನಲ್ಲಿ, ಎಂಜಿನ್ ಕೂಡ ತೆಗೆದ ಕಾರಿನಲ್ಲಿ, ಮರದ ಪೆಟ್ಟಿಗೆಯ ಮೇಲೆ ಕೂತು ಅವರು ಕಣ್ಣು ಮುಚ್ಚಿ ಹೇಳಿದರು, “ಇದೆ.” ಟಾರ್ಚು ಹಿಡಿದು ನಿಂತಿದ್ದವಳು ನಾನು. ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಉಪಕರಣ ಕೆಳಗಿಟ್ಟು ಹೊರಗೆ ಹೋದೆವು. ಮುಂದಿನ ತಿಂಗಳು ಇಬುಕಿಯನ್ನು ಗೇಟಿನ ಕೆಲಸಕ್ಕೆ ಹಾಕಿದರು. ನಿವೃತ್ತಿಯ ಮೇಲೂ ಅವರು ಅಲ್ಲೇ ಉಳಿದಿದ್ದಾರೆ.

ಕಾಜಿತಾನಿಯನ್ನು ಆರಕ್ಕೆ ಕರೆಸಿದ್ದ ಅವತ್ತು ಈ ಕಾರಿನ ಪರೀಕ್ಷೆಯ ಕಡೆಯ ದಿನ. ಮಧ್ಯಾಹ್ನ ಒಂದಕ್ಕೆ ವಿಭಾಗದ ಮುಖ್ಯಸ್ಥ ಉರಾಬೆ ಬರುವವರಿದ್ದರು. ಹದಿನಾರು ಹುಳದ ಪಟ್ಟಿಯ ಕೆಳಗೆ, ಸಹಿಯ ಬದಲು ಒತ್ತುವ ನನ್ನ ಹೆಸರಿನ ಮುದ್ರೆ ಬಿದ್ದರೆ ಕಾರು ಮಾರನೆಯ ದಿನ ಲಾರಿ ಹತ್ತಿ, ಹಡಗು ಹತ್ತಿ ದಕ್ಷಿಣಕ್ಕೆ ಹೋಗುತ್ತಿತ್ತು. ತಡ ಮಾಡುವ ಹಾಗಿರಲಿಲ್ಲ. ಆಗಲೇ ಹಿಮಹುಳಗಳು ಹಾರಲು ಶುರುಮಾಡಿದ್ದವು. ಬೂದಿಯ ಚೂರಿನಷ್ಟಿರುವ, ಬೆನ್ನ ಮೇಲೆ ಬಿಳಿ ಹತ್ತಿ ಹೊತ್ತ ಈ ಹುಳಗಳು ಕಾಣಿಸಿದ ಎರಡು ವಾರಕ್ಕೆ ನಮ್ಮಲ್ಲಿ ಮೊದಲ ಹಿಮ ಬೀಳುತ್ತದೆ. ಆಮೇಲೆ ಏಪ್ರಿಲಿನವರೆಗೆ ಪರೀಕ್ಷೆಗೆ ರಸ್ತೆಯೇ ಇರುವುದಿಲ್ಲ.

“ತಿಂಡಿ,” ಎಂದ ಕಾಜಿತಾನಿ. ಅದು ಕೋರಿಕೆಯಾಗಿರಲಿಲ್ಲ.

ಗೇಟಿನ ಹತ್ತಿರ ಕಾರು ನಿಲ್ಲಿಸಿದೆವು. ಇಬುಕಿ ಕಾವಲುಗಾರರ ಗೂಡಿನ ಹಿಂದೆ ಮೂಲಂಗಿಗಳನ್ನು ಒಣಗಲು ತೂಗುಹಾಕುತ್ತಿದ್ದರು. ನಾವು ಬಂದದ್ದು ಅವರಿಗೆ ತಿಳಿಯಲಿಲ್ಲ. ಮುಂದೆ ಹೋಗಿ ನಿಂತು ತಲೆಬಾಗಿದೆ.

“ಈ ಕಾರು ಬಂದಿದ್ದು ಗೊತ್ತೇ ಆಗಲ್ಲ ಕಣೇ ನಂಗೆ,” ಎಂದರು ಇಬುಕಿ, ಅಗತ್ಯಕ್ಕಿಂತ ಜೋರಾಗಿ. “ಕಿವಿ ಇರೋರಿಗೂ ಗೊತ್ತಾಗಲ್ಲವಂತೆ. ಕೇಳಿ ಮನಸ್ಸಿಗೆ ತುಂಬಾ ಸಮಾಧಾನ ಆಯ್ತು.”

ಕಾಜಿತಾನಿ ಗೇಟಿನ ಬಳಿಯ ಮಾರಾಟಯಂತ್ರದಿಂದ ಜೋಳದ ಸೂಪಿನ ಬಿಸಿ ಡಬ್ಬಿಗಳನ್ನು ತಂದ. ಅನ್ನದುಂಡೆ ಬಿಚ್ಚಿ ತಿಂದೆವು. ಅವನು ಮೂಲಂಗಿ ಉಪ್ಪಿನಕಾಯಿ ಯಾವಾಗ ಆಗುತ್ತದೆಂದು ಸನ್ನೆಯಲ್ಲಿ ಕೇಳಿದ. ನಿನ್ನಂಥವನಿಗೆ ಆಗುವುದೇ ಇಲ್ಲ ಎಂದು ಇಬುಕಿ ಬಾಯಲ್ಲಿ ಹೇಳಿದರು. ಅವನು ಡಬ್ಬಿ ಎಸೆಯಲು ಆಚೆ ಹೋದಾಗ ನಾನು ಅವರ ಮುಖಕ್ಕೆ ನೇರ ತಿರುಗಿದೆ. ತುಟಿ ಕಂಡರೆ ಅವರಿಗೆ ಮಾತು ತಿಳಿಯುತ್ತದೆ.

“ಇಬುಕಿ ಸಾನ್, ಆ ನಲವತ್ತು ದಿನ. ಒಂದ್ಸಲನಾದ್ರೂ ಕಿವಿಗೆ ಬಿರಡೆ ಹಾಕ್ಕೊಂಡು ನೋಡಿದ್ರಾ?”

ಅವರು ತುಂಬ ಹೊತ್ತು ನನ್ನ ತುಟಿಯನ್ನೇ ನೋಡಿದರು. ಮಾತು ಮುಗಿದಿಲ್ಲವೇನೋ ಎಂಬಂತೆ.

“ಇಲ್ಲ,” ಎಂದರು. “ಹಾಕಿದ್ರೆ ಗೊತ್ತಾಗ್ತಿತ್ತಲ್ಲ.”

ಒಂದು ಹಿಮಹುಳ ಅವರ ಹುಬ್ಬಿನ ಮೇಲೆ ಕೂತಿತು. ಅವರು ಅದನ್ನು ಓಡಿಸಲಿಲ್ಲ.

“ನಿನ್ನದು ಯಾವ ಕಿವಿ?” ಎಂದರು.

“ಎಡ. ಇರಬಹುದು.”

“ನನ್ನದು ಬಲ,” ಎಂದು ಇಬುಕಿ ಇನ್ನೊಂದು ಮೂಲಂಗಿ ಎತ್ತಿಕೊಂಡರು.

ಕಾಜಿತಾನಿ ಬಂದಾಗ ಒಂದು ಸುತ್ತು ನಾನೊಬ್ಬಳೇ ಓಡಿಸುತ್ತೇನೆಂದೆ. ಪಟ್ಟಿಯ ಕೊನೆಯಲ್ಲಿ ‘ಓಡಿಸಿದ ಅನುಭವ’ ಎಂಬ ಖಾನೆಯಿದೆ, ಮೂರು ಸಾಲು ಮೀರಬಾರದು. ಸದ್ದು ಕೇಳುವ ಕೆಲಸದವರು ನಾವು ಅದನ್ನು ಹೆಚ್ಚಾಗಿ ಖಾಲಿ ಬಿಡುತ್ತೇವೆ. ಈ ಸಲ ಬರೆಯುತ್ತೇನೆಂದೆ. ಅವನು ಅನುಮಾನದಿಂದ ನೋಡಿ, ಕಾರಿಗೆ ಗೀರು ಬಿದ್ದರೆ ತನ್ನ ಹೆಸರು ಹೇಳಬಾರದೆಂದು ಹೇಳಿ ಇಳಿದ.

ಕಂಪನಿಯ ಪರೀಕ್ಷಾ ರಸ್ತೆಯಲ್ಲಿ, ಕಾಡಿನ ನಡುವಿನ ನೇರ ಭಾಗಕ್ಕೆ ಬಂದು ನಿಂತೆ. ಎರಡೂ ಕಡೆ ಲಾರ್ಚ್ ಮರಗಳು ಹಳದಿಯಾಗಿದ್ದವು. ಗಾಳಿಯಿಲ್ಲದಿದ್ದರೂ ಸೂಜಿಯೆಲೆಗಳು ಉದುರುತ್ತಿದ್ದವು. ಜೇಬಿನಿಂದ ಸ್ಪಂಜು ತೆಗೆದು, ಹಿಸುಕಿ, ಎಡಗಿವಿಗೆ ಹಾಕಿದೆ. ಬಲಗಿವಿಗೂ ಹಾಕಿದೆ. ಅವು ಒಳಗೆ ನಿಧಾನ ಉಬ್ಬಿದವು. ಲೋಕ ದೂರ ಹೋಯಿತು.

ಉಳಿಯಿತು.

ನಿಂತ ಕಾರಿನಲ್ಲಿ, ನಿಂತ ಗಾಳಿಯಲ್ಲಿ, ಅಕ್ಕಿಕಾಳು ಎಡಗಿವಿಯ ಆಳದಲ್ಲಿ ಎಂದಿಗಿಂತ ಸ್ಪಷ್ಟವಾಗಿ ನಡುಗುತ್ತಿತ್ತು. ಅಳು ಬರುತ್ತದೆಂದುಕೊಂಡಿದ್ದೆ. ಬಂದದ್ದು ಆಕಳಿಕೆ. ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಮಾಡದವಳಿಗೆ ಅದು ಅಷ್ಟು ದೊಡ್ಡದಾಗಿ ಬಂದು ಕಣ್ಣಲ್ಲಿ ನೀರು ತಂದಿತು. ಸರಿ, ನನ್ನ ಹತ್ತಿರ ಒಂದು ಹುಳ ಇದೆ ಅಂದುಕೊಂಡೆ. ಇನ್ನು ಕಳೆದುಕೊಳ್ಳುವುದಕ್ಕೆ ಏನಿದೆ ಎಂದು ಪೆಡಲು ಒತ್ತಿದೆ.

ಕಾರನ್ನು ಅವತ್ತೇ ಮೊದಲು ಓಡಿಸಿದ್ದು ಅನ್ನಿಸಿತು. ಅಷ್ಟು ದಿನ ನಾನು ಅದರಲ್ಲಿ ಬರೀ ಕಿವಿಯಾಗಿದ್ದೆ. ಈಗ ಕಿವಿ ಮುಚ್ಚಿತ್ತು, ಉಳಿದದ್ದೆಲ್ಲ ತೆರೆದುಕೊಂಡಿತು. ಹಳೆಯ ಕಾರುಗಳು ಓಡುವ ಮುಂಚೆ ಉಸಿರೆಳೆದುಕೊಳ್ಳುತ್ತಿದ್ದವು, ಗೇರು ಬದಲಿಸುವಾಗ ಒಂದು ಹೆಜ್ಜೆ ತಡವರಿಸುತ್ತಿದ್ದವು. ಇದಕ್ಕೆ ಉಸಿರು ಬೇಕಾಗಿಯೇ ಇರಲಿಲ್ಲ. ಪಾದ ಯೋಚಿಸುವ ಮೊದಲೇ ರಸ್ತೆ ನನ್ನ ಕೆಳಗೆ ಸರಿಯುತ್ತಿತ್ತು. ಯಾರೋ ಊರನ್ನೇ ಚಾಪೆಯಂತೆ ಎಳೆದುಕೊಂಡ ಹಾಗೆ. ಹೊಟ್ಟೆ ಒಂದು ಗಳಿಗೆ ಹಿಂದೆ ಉಳಿದು ಆಮೇಲೆ ಬಂದು ಸೇರಿಕೊಂಡಿತು. ಭಾರವೆಲ್ಲ ನೆಲದ ಹತ್ತಿರವೇ ಇತ್ತು. ತಿರುವಿನಲ್ಲಿ ಮೈ ವಾಲಲಿಲ್ಲ. ಬಟ್ಟಲಿನ ಅಂಚು ಹಿಡಿದು ಸುತ್ತುವ ನೀರಿನ ಹಾಗೆ ಇಡೀ ಕಾರು ತಿರುವನ್ನು ಹಿಡಿದು ಸುತ್ತಿತು. ಪಾದ ಎತ್ತಿದರೆ ಸೊಂಟ ಹಿಡಿದು ಯಾರೋ ಹಿಂದಕ್ಕೆ ನಿಲ್ಲಿಸಿಕೊಂಡಂತೆ, ಒತ್ತಿದರೆ ಮತ್ತೆ ಹಾರು ಎಂಬಂತೆ.

ಹಿಮಹುಳಗಳು ಎದುರಿನ ಗಾಜಿಗೆ ಬರುತ್ತಿದ್ದವು, ತಾಗದೆ ಮೇಲಕ್ಕೆ ಏರಿಹೋಗುತ್ತಿದ್ದವು. ಒಂದೆರಡು ಸಲ ನಾನು ನಿಂತೇ ಇದ್ದೇನೆ, ಕಾಡೇ ನನ್ನ ಕಡೆಗೆ ಸದ್ದಿಲ್ಲದೆ ಬರುತ್ತಿದೆ ಅನ್ನಿಸಿತು. ಚಿಕ್ಕವಳಿದ್ದಾಗ ಜ್ವರ ಬಂದರೆ ಚಾವಣಿ ಹೀಗೆ ಬರುತ್ತಿತ್ತು. ಹಳದಿ ಸೂಜಿಗಳು, ಬಿಳಿ ಹುಳಗಳು, ಬೂದು ರಸ್ತೆ. ನಾನು ನೂರ ಇಪ್ಪತ್ತರಲ್ಲಿ ಹೋಗುತ್ತಿದ್ದೆ. ನೂರ ಇಪ್ಪತ್ತರಲ್ಲೂ ಕಿವಿಯೊಳಗಿನ ಅಕ್ಕಿಕಾಳು ಒಂದೇ ಸಮನೆ ನಡುಗುತ್ತಿತ್ತು.

ಒಂದೇ ಸಮನೆ. ಅದನ್ನು ಅರ್ಥ ಮಾಡಿಕೊಳ್ಳಲು ಇನ್ನೂ ಅರ್ಧ ಸುತ್ತು ಬೇಕಾಯಿತು.

ಉದ್ದನೆಯ ಎಡತಿರುವಿಗೆ ಬಂದೆ. ಎಪ್ಪತ್ತಕ್ಕೆ ಇಳಿಸಿ, ಮೆಲ್ಲಗೆ ಏರಿಸಿದೆ. ಎಂಬತ್ತೆರಡು, ಎಂಬತ್ತೈದು, ತೊಂಬತ್ತು. ಕಿವಿಯೊಳಗಿನದು ಬದಲಾಗಲಿಲ್ಲ. ತಿರುವೂ ಅದಕ್ಕೆ ಗೊತ್ತಿರಲಿಲ್ಲ, ವೇಗವೂ ಗೊತ್ತಿರಲಿಲ್ಲ. ನನ್ನ ಹುಳಕ್ಕೆ ಎಂಬತ್ತೆರಡು ಎಂಬ ಅಂಕಿ ಗೊತ್ತಿರುವುದಾದರೂ ಹೇಗೆ? ಹಾಗಾದರೆ ಇಷ್ಟು ದಿನ ಎಂಬತ್ತೆರಡಕ್ಕೆ ಬಂದು ಎಂಬತ್ತೆಂಟಕ್ಕೆ ಹೋಗುತ್ತಿದ್ದದ್ದು ಯಾವುದು?

ಮತ್ತೊಂದು ಸುತ್ತು ಬಂದೆ. ತಿರುವಿನಲ್ಲಿ, ಎಂಬತ್ತರಲ್ಲಿ, ಒಳ್ಳೆಯ ಕಿವಿಯಾದ ಬಲಗಿವಿಯ ಬಿರಡೆ ಕಿತ್ತೆ. ಟೈರಿನ ಸದ್ದು ನೀರಿನಂತೆ ನುಗ್ಗಿತು. ಎಂಬತ್ತೆರಡು. ನೀರಿನ ಮೇಲೆ ತೇಲುವ ಹಾಗೆ ಅದು ಬಂತು. ಎಡಗಿವಿಯಲ್ಲಿ ನನ್ನದು. ಬಲಗಿವಿಯಲ್ಲಿ ಕಾರಿನದು. ಎರಡೂ ಅವಳಿ ಮಕ್ಕಳಷ್ಟು ಒಂದೇ ಥರ. ಇಷ್ಟು ದಿನ ಒಂದು ಇನ್ನೊಂದರ ಹಿಂದೆ ಅವಿತುಕೊಂಡಿತ್ತು.

ಕಾಜಿತಾನಿಯನ್ನು ಹತ್ತಿಸಿಕೊಂಡು ಎಲ್ಲವನ್ನೂ ಹೇಳಿದೆ. ಬಿಸಿನೀರಿನ ಮನೆ, ಬಿರಡೆ, ಎರಡು ಹುಳ.  

“ಗುರುಗಳೇ, ಬೇಜಾರು ಮಾಡ್ಕೋಬೇಡಿ,” ಎಂದ. “ನಾನು ಎಂಬತ್ತೆರಡು ಅಂತ ಕೂಗ್ತೀನಿ, ನಿಮಗೆ ಕೇಳಿಸುತ್ತೆ. ನೀವೇ ಓಡಿಸುವಾಗ ಅಂಕಿ ಕಣ್ಣಿಗೆ ಕಾಣುತ್ತೆ, ಕೇಳಿಸುತ್ತೆ. ಮನಸ್ಸೇ ತಂದುಕೊಡ್ತಾ ಇರಬಹುದಲ್ವಾ?”

ಅದು ನಿಜವಾದ ಮಾತು. ಹಾಗಾದರೆ ಸುಳ್ಳು ಹೇಳು ಎಂದೆ. ಹಿಂದೆ ಮಲಗಿ ಕಣ್ಣು ಮುಚ್ಚುತ್ತೇನೆ, ಎಡಗಿವಿಗೆ ಬಿರಡೆ ಇರುತ್ತದೆ. ತಿರುವಿನಲ್ಲಿ ಒಂದೊಂದು ಸಲ ಒಂದೊಂದು ವೇಗದಲ್ಲಿ ಹೋಗು, ಬಾಯಿಗೆ ಬಂದ ಅಂಕಿ ಹೇಳು. ಕೇಳಿದಾಗ ಬೆರಳೆತ್ತುತ್ತೇನೆ, ನಿಜವಾದ ವೇಗ ನೀನು ಬರೆದುಕೋ.

ಸುಳ್ಳು ಹೇಳುವ ಕೆಲಸ ಸಿಕ್ಕಿದ್ದಕ್ಕೆ ಅವನಿಗೆ ಖುಷಿಯಾಯಿತು. ಮೂವತ್ತು ಎಂದ. ನೂರ ಹತ್ತು ಎಂದ. ಒಂದು ಸಲ ತನ್ನ ಅತ್ತೆಯ ವಯಸ್ಸು ಎಂದ, ಇನ್ನೊಂದು ಸಲ ಉರಾಬೆ ಅವರ ಸೊಂಟದ ಅಳತೆ ಎಂದ. ಹನ್ನೊಂದು ಸಲ ತಿರುವು ಸುತ್ತಿದೆವು. ಆರು ಸಲ ಬೆರಳೆತ್ತಿದೆ. ಕಾರು ನಿಲ್ಲಿಸಿ ಅವನು ಚೀಟಿಯನ್ನು ನೋಡಿದ, ತಿರುಗಿಸಿ ಮತ್ತೆ ನೋಡಿದ.

“ಎಂಬತ್ಮೂರು, ಎಂಬತ್ತಾರು, ಎಂಬತ್ನಾಲ್ಕು,” ಎಂದು ಓದಿದ. “ಎಂಬತ್ತೇಳು, ಎಂಬತ್ತೆರಡು, ಎಂಬತ್ತೈದು. ಉಳಿದ ಐದು ಸಲ ಎಪ್ಪತ್ತೂ ನೂರೂ ಓಡಿಸ್ದೆ. ನೀವು ಬೆರಳು ಎತ್ತಲೇ ಇಲ್ಲ.” ಆಮೇಲೆ ಅವನು ತಮಾಷೆ ಮಾಡಲಿಲ್ಲ.

ಹಿಡಿಯುವುದಕ್ಕೆ ಇಬುಕಿ ಕಲಿಸಿದ ದಾರಿ ಬೆರಳು. ಕಾಜಿತಾನಿ ಎಂಬತ್ತೈದರಲ್ಲಿ ತಿರುವು ಸುತ್ತುತ್ತಲೇ ಇದ್ದ. ನಾನು ಹಿಂದೆ ಮಂಡಿಯೂರಿ ಕಾರಿನ ಒಳಮೈಯನ್ನು ಇಂಚಿಂಚು ಮುಟ್ಟುತ್ತಾ ಹೋದೆ. ಕಿಟಕಿಯ ಅಂಚು, ಅದರ ಪಕ್ಕದ ಕಂಬದ ಬಟ್ಟೆ, ಬೆಲ್ಟು ಹೊರಬರುವ ಬಾಯಿ. ಹಿಂಬದಿಯ ಗಾಜಿನ ಕೆಳಗಿನ ಹಲಗೆಯ ಎಡಮೂಲೆಯಲ್ಲಿ ಸ್ಪೀಕರಿನ ಮೇಲೆ ಮುಚ್ಚಿದ ತೆಳು ಜಾಲರಿಯಿತ್ತು. ಅದನ್ನು ಮುಟ್ಟಿದೆ. ಸದ್ದು ನಿಂತಿತು. ಬಿಟ್ಟೆ, ಬಂತು. ಕಾಜಿತಾನಿಯನ್ನು ಹಿಂದೆ ಕೂರಿಸಿ ನಾನು ಓಡಿಸಿದೆ. ಅವನ ತೋರುಬೆರಳು ಜಾಲರಿಯ ಮೇಲಿತ್ತು.

“ಕಿವಿಗೇನೂ ಇಲ್ಲ,” ಎಂದ ಅವನು. “ಬೆರಳಿಗೆ ಇರುವೆ ನಡೆದ ಹಾಗಿದೆ. ಅಯ್ಯೋ, ಈಗ ನಿಂತುಹೋಯ್ತು.” ನಾನು ಅಂಕಿ ನೋಡಿದೆ. ಎಂಬತ್ತೊಂಬತ್ತು.

ಎಂಜಿನ್ನಿಲ್ಲದ ಕಾರಿಗೆ ಎಂಜಿನ್ನಿನ ಗುಡುಗು ಹಾಕಿಕೊಡುವ ಸ್ಪೀಕರು ಅದು. ಬೇಕಾದವರು ಗುಂಡಿಯೊತ್ತಿ ಗುಡುಗಿಸಿಕೊಳ್ಳಬಹುದು. ಸದ್ದು ಮಾಡಲೆಂದೇ ಇಟ್ಟದ್ದು, ಸುಮ್ಮನಿರು ಎಂದಾಗ ಸುಮ್ಮನಿರಲಾರದೆ ನಡುಗುತ್ತಿತ್ತು.

ಹನ್ನೆರಡೂವರೆಗೆ ಪಟ್ಟಿಯಲ್ಲಿ ಹದಿನೇಳನೆಯ ಸಾಲು ಬರೆದೆ. ಹೆಸರಿನ ಜಾಗ ಬಹಳ ಹೊತ್ತು ಖಾಲಿಯಿತ್ತು. ಗಂಟೆಹುಳ ಅಲ್ಲ, ಜಾಗಟೆ ಹುಳವೂ ಅಲ್ಲ. ಕೊನೆಗೆ ಹಿಮಹುಳ ಎಂದು ಬರೆದೆ. ಹಿಮಹುಳಕ್ಕೆ ಸದ್ದೇ ಇಲ್ಲವೆಂದು ಎಲ್ಲರಿಗೂ ಗೊತ್ತು. ‘ಓಡಿಸಿದ ಅನುಭವ’ದಲ್ಲಿ ಹೀಗೆ ಬರೆದೆ: ಈ ಕಾರು ಓಡುವುದಿಲ್ಲ, ನಾವು ಹೋಗಬೇಕಾದ ಜಾಗ ನಮ್ಮ ಹತ್ತಿರ ಬರುತ್ತದೆ. ಒಳಗೆ ಕೂತವರಿಗೆ ತಮ್ಮನ್ನು ತಾವು ಕೇಳಿಸಿಕೊಳ್ಳುವಷ್ಟು ಮೌನ ಇದೆ. ಅದಕ್ಕೇ ಇದರಲ್ಲಿ ಇನ್ನೊಂದು ಸದ್ದು ಇರಬಾರದು.

ಉರಾಬೆ ಸರಿಯಾಗಿ ಒಂದಕ್ಕೆ ಬಂದರು. ನನಗಿಂತ ಎಂಟು ವರ್ಷ ಚಿಕ್ಕವರು, ಬಾಯಲ್ಲಿ ಸದಾ ಕೆಮ್ಮಿನ ಮಿಠಾಯಿ. ರಾಜಧಾನಿಯಿಂದ ಬಾಳೆಹಣ್ಣಿನ ಕೇಕಿನ ಡಬ್ಬಿ ತಂದಿದ್ದರು. ಒಳ್ಳೆಯ ಮನುಷ್ಯ. ನನ್ನ ತಾಯಿ ತೀರಿಕೊಂಡಾಗ ಹಿಮದಲ್ಲಿ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದು ಎರಡು ನಿಮಿಷ ಕೈಮುಗಿದು ನಿಂತು ವಾಪಸು ಹೋದವರು. ಮುಖ ಕಂಡ ಕೂಡಲೇ ಅದು ನೆನಪಾಗುವುದರಿಂದ ಅವರೆದುರು ಸುಳ್ಳು ಹೇಳುವುದು ನನಗೆ ಕಷ್ಟ. ಹಾಗಾಗಿ ಎಲ್ಲ ಹೇಳಿದೆ, ಕಿವಿಯದನ್ನೂ ಸೇರಿಸಿ. ಕಾಜಿತಾನಿಯ ಚೀಟಿ ತೋರಿಸಿದೆ.

ಅವರು ಮಿಠಾಯಿಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದರು. ಚೀಟಿಯನ್ನು ನಂಬುತ್ತೇನೆಂದರು. ಆದರೆ ಜಾಲರಿಯ ಕೊಂಡಿ ಬದಲಿಸಬೇಕಾದರೆ ಅಚ್ಚು ಹೊಸದಾಗಿ ಮಾಡಿಸಬೇಕು. ಅಷ್ಟರಲ್ಲಿ ಇಲ್ಲಿ ಹಿಮ ಬೀಳುತ್ತದೆ, ಮರುಪರೀಕ್ಷೆಗೆ ರಸ್ತೆ ಇರುವುದಿಲ್ಲ, ವಸಂತ ತಪ್ಪುತ್ತದೆ. ಇಂಥ ಕಾರು ಕೊಳ್ಳುವವರು ಐವತ್ತರ ಗಂಡಸರು, ಅವರ ಕಿವಿಗೆ ಅದು ಬೀಳುವುದೇ ಇಲ್ಲ. ಕಿವಿ ಚುರುಕಾಗಿರುವ ವಯಸ್ಸಿನವರ ಹತ್ತಿರ ಈ ಕಾರು ಕೊಳ್ಳುವ ದುಡ್ಡಿಲ್ಲ ಎಂದರು. ಅದನ್ನು ಹೇಳಿ ತಾವೇ ಸ್ವಲ್ಪ ನಕ್ಕರು. ಬೇಕಾದರೆ ಆ ವೇಗದಲ್ಲಿ ಗುಡುಗಿನ ಸದ್ದನ್ನು ಒಂದಿಷ್ಟು ತಾನಾಗಿ ಬರುವಂತೆ ಮಾಡೋಣ, ಅದರೊಳಗೆ ಮುಳುಗಿಹೋಗುತ್ತದೆ ಎಂದರು.

ಹಿಂದಿನ ಸೀಟಿನಲ್ಲಿ ಮಕ್ಕಳು ಕೂರುತ್ತಾರೆಂದೆ. ಯಾವುದೋ ಮುಂಜಾನೆ ಒಬ್ಬಳೇ ಓಡಿಸುವ ಹೆಂಗಸು ಇರುತ್ತಾಳೆಂದೆ. ಅವಳಿಗೆ ಅದು ಕೇಳಿಸುತ್ತದೆ. ಗಂಡನಿಗೆ ಕೇಳಿಸುವುದಿಲ್ಲ, ಶೋರೂಮಿನವರಿಗೂ ಕೇಳಿಸುವುದಿಲ್ಲ. ಕಾರಿನಲ್ಲಿ ಏನೂ ಇಲ್ಲ ಎಂದು ಎಲ್ಲರೂ ಅವಳಿಗೆ ಹೇಳುತ್ತಾರೆ. ಆಗ ಅವಳು ಏನೆಂದುಕೊಳ್ಳುತ್ತಾಳೆ ಎಂದು ನನಗೆ ಗೊತ್ತು. ಮೂರು ತಿಂಗಳಿಂದ ಚೆನ್ನಾಗಿ ಗೊತ್ತು.

ಉರಾಬೆ ಕಿಟಕಿಯ ಕಡೆ ನೋಡಿದರು. ಹೊರಗೆ ಹಿಮಹುಳಗಳು ದಟ್ಟವಾಗಿದ್ದವು. ಗೇಟಿನ ಗೂಡಿನ ಹಿಂದೆ ಮೂಲಂಗಿಗಳ ಬಿಳಿ ಸಾಲು ಕಾಣುತ್ತಿತ್ತು, ಅದರ ಮುಂದೆ ಇಬುಕಿಯ ನೀಲಿ ಟೋಪಿ.

“ಮುನಕಾತಾ ಸಾನ್,” ಎಂದರು ಮೆಲ್ಲಗೆ, “ನವೆಂಬರಿನಲ್ಲಿ ಕಿವಿಪರೀಕ್ಷೆ ಇದೆ.”

“ಗೊತ್ತು.” ಅದರಲ್ಲಿ ಸೋತರೆ ಈ ಕೆಲಸ ಹೋಗುತ್ತದೆಂದೂ ಗೊತ್ತಿತ್ತು.

“ಈ ವರ್ಷ ನಿಮ್ಮ ಹೆಸರು ಪಟ್ಟಿಯಲ್ಲಿ ಇಲ್ಲದ ಹಾಗೆ ನೋಡ್ಕೋತೀನಿ. ಮುಂದಿನ ವರ್ಷವೂ ಬೇಕಾದ್ರೆ. ಒಂದು ಕಿವಿ ಸಾಕು ನಿಮಗೆ, ಇವತ್ತೇ ತೋರಿಸಿದ್ರಲ್ಲ. ಮುಂದಿನ ಕಾರೂ ನಿಮ್ಮದೇ, ಅದರ ಮುಂದಿನದೂ. ಕಿವಿ ವಿಷಯ ನೀವು ಹೇಳಲಿಲ್ಲ, ನಾನು ಕೇಳಿಸ್ಕೊಳ್ಳಲಿಲ್ಲ.” ಅವರು ಹದಿನಾರು ಸಾಲಿನ ಇನ್ನೊಂದು ಪಟ್ಟಿಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಕೆಂಪು ಶಾಯಿಯ ಡಬ್ಬಿಯ ಮುಚ್ಚಳ ತೆಗೆದು, ನನ್ನ ಕೈಗೆ ಹತ್ತಿರವಾಗುವಂತೆ ಎರಡು ಬೆರಳಲ್ಲಿ ಸರಿಸಿದರು. “ಇಲ್ಲಿ ಮಾತ್ರ ಒಂದು ಒತ್ತಿಬಿಡಿ.”

ಮುದ್ರೆ ನನ್ನ ಅಂಗೈಯಲ್ಲೇ ಇತ್ತು. ಬೆಚ್ಚಗಾಗಿತ್ತು. ಎಡಗಿವಿಯಲ್ಲಿ ನನ್ನ ಹುಳ ನಡುಗುತ್ತಿತ್ತು, ಒಂದೇ ಸಮನೆ.

“ಒತ್ತಲ್ಲ,” ಎಂದೆ.